ಬೀಳುವ ಹಿಮ ತೋರಿಸುತ್ತೇನೆ ಎಂದಿದ್ದ ಚಾಚಾ

ಕಳೆದ ವಾರ ಇಲ್ಲಿ ಮಲೇಷಿಯಾದ ಬ್ರಿಕ್‌ಫೀಲ್ಡ್ಸ್‌ನ ಒಂದು ದಿನಸಿ ಅಂಗಡಿಯಲ್ಲಿ ಪರೋಟಾ ಪ್ಯಾಕೆಟ್ ತೆಗೆಯಲೆಂದು ಡೀಪ್ ಫ್ರೀಜರಿನ ಮುಚ್ಚಳ ಎತ್ತಿದೆ. ಬಿಳಿ ಹಬೆಯ ಜೊತೆಗೇ ಒಂದು ವಾಸನೆ ಎದ್ದು ಬಂತು. ನೆನೆದು ಗಟ್ಟಿಯಾದ ರಟ್ಟು, ಸಿಗಡಿ, ಅದರ ಹಿಂದೆ ಸ್ವಲ್ಪ ಕಬ್ಬಿಣ. ಯಾರಿಗೂ ಇಷ್ಟವಾಗುವ ವಾಸನೆಯಲ್ಲ ಅದು. ನನಗೆ ಮಾತ್ರ ಆ ಹಬೆಯೊಳಗಿಂದ ನಮ್ಮ ಕೆಳಮನೆಯ ಚಾಚಾ ಕೈ ಉಜ್ಜಿಕೊಳ್ಳುತ್ತ ಎದ್ದು ನಿಂತಂತಾಯಿತು. ಬಾಯಿ ನನ್ನ ಹಿಡಿತದಲ್ಲಿರಲಿಲ್ಲ. "ಬಾಗಲಾ ಹಾಕ್ರೋ! ಥಂಡಿ ಎಲ್ಲಾ ಹೊರಗ ಹೊಂಟೈತಿ!" ಎಂದು ಅವರದೇ ದನಿಯಲ್ಲಿ ಕೂಗಿಬಿಟ್ಟೆ. ಕೌಂಟರಿನಲ್ಲಿದ್ದ ತಮಿಳು ಹುಡುಗಿ ತಲೆ ಎತ್ತಿ, "ಅಣ್ಣಾ, ಓಕೆ ಆ?" ಎಂದಳು. ಓಕೆ ಎಂದು ತಲೆಯಾಡಿಸಿ, ಪರೋಟಾ ಮರೆತು, ಬರಿಗೈಯಲ್ಲಿ ಹೊರಗೆ ಬಂದೆ.

ಚಾಚಾ ಹುಬ್ಬಳ್ಳಿಯವರು. ಕ್ಲಾಂಗ್ ಬಂದರಿನ ಹತ್ತಿರ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಸೂಪರ್‌ವೈಸರ್ ಆಗಿದ್ದರು. ಹಡಗಿನಿಂದ ಇಳಿದ ಮೀನು, ಮಾಂಸ, ಬಟಾಣಿ ಎಲ್ಲ ಅವರ ಸುಪರ್ದಿಗೆ. ನಮ್ಮ ಫ್ಲ್ಯಾಟಿನ ಸರಿಯಾಗಿ ಕೆಳಗೆ ಅವರ ಫ್ಲ್ಯಾಟು. ಆಗ ನಾನು ಕಾಲೇಜಿನ ಮೊದಲ ವರ್ಷ. ಓದುವುದಕ್ಕಿಂತ ಹೆಚ್ಚಾಗಿ ಜನರನ್ನು ಅಣಕಿಸುವುದೇ ನನ್ನ ಉದ್ಯೋಗ. ನಮ್ಮ ಬ್ಲಾಕಿನಲ್ಲಿ ನನ್ನಿಂದ ತಪ್ಪಿಸಿಕೊಂಡವರಿಲ್ಲ. ಗೇಟಿನ ಗಾರ್ಡ್, ಲಿಫ್ಟಿನೊಳಗೆ ಮಹಡಿ ಹೇಳುವ ಹೆಣ್ಣುದನಿ, ಫೋನಿನಲ್ಲಿ ಅಜ್ಜಿಗೆ ಒಂದು ದನಿ ಮ್ಯಾನೇಜರಿಗೆ ಇನ್ನೊಂದು ದನಿ ತೆಗೆಯುವ ಅಮ್ಮ, ಕನ್ನಡದಲ್ಲಿ ಬೈಸಿಕೊಂಡು ಇಂಗ್ಲಿಷಿನಲ್ಲಿ ಅಳುವ ನಾನು. ಉಳಿದವರು ಮುಖ ಊದಿಸಿಕೊಳ್ಳುತ್ತಿದ್ದರು. ಚಾಚಾ ಮಾತ್ರ ಕುರ್ಚಿ ಎಳೆದುಕೊಂಡು ಎದುರಿಗೇ ಕೂತು ತಮ್ಮ ಅಣಕ ನೋಡುತ್ತಿದ್ದರು. "ಸರಿ ಬರಲಿಲ್ಲಲೇ. ನಾ ಮೊದಲ ಕೆಮ್ಮತೀನಿ, ಆಮ್ಯಾಲ ಬೈತೀನಿ. ನೀ ಬೈದು ಕೆಮ್ಮಿದಿ. ಮತ್ತೊಮ್ಮಿ ಮಾಡು."

ಅವರ ಮನೆಯಲ್ಲಿ ಒಂದು ಹಳೆಯ ಜಗಳವಿತ್ತು. ಮದುವೆಯಾದ ಹೊಸತರಲ್ಲಿ ಚಾಚಾ ಜಂಬ ಕೊಚ್ಚಿದ್ದರಂತೆ, ನಾನು ದಿನಾ ಹಿಮದೊಳಗೆ ನಡೆಯುವವನು ಅಂತ. ಚಾಚಿ, ಹಾಗಾದರೆ ತೋರಿಸಿ ಎಂದರು. ಚಾಚಾ ಕೋಲ್ಡ್ ಸ್ಟೋರೇಜಿನ ಗೋಡೆಯಿಂದ ಬಿಳಿ ಪುಡಿ ಕೆರೆದು ಫ್ಲಾಸ್ಕಿನಲ್ಲಿ ತುಂಬಿಕೊಂಡು ಬಂದರು. ಕ್ಲಾಂಗಿನ ಟ್ರಾಫಿಕ್ಕು, ಮೇಲೆ ಮಧ್ಯಾಹ್ನದ ಬಿಸಿಲು. ಮನೆಗೆ ಬಂದು ಮುಚ್ಚಳ ತೆಗೆದರೆ ನೀರು. ಚಾಚಿ ಅದನ್ನು ಕರಿಬೇವಿನ ಕುಂಡಕ್ಕೆ ಸುರಿದು, "ಹಿಮ ಅಂದ್ರ ಮ್ಯಾಲಿಂದ ಬೀಳಬೇಕ್ರೀ. ಬೀಳೂದು ತೋರಿಸ್ರಿ, ಆವಾಗ ನಂಬತೀನಿ" ಎಂದರು. ಅಂದಿನಿಂದ ಅದೇ ಪಟ್ಟು. ಬಿದ್ದಿರುವ ಹಿಮ ಆಗುವುದಿಲ್ಲ, ಬೀಳುವ ಹಿಮವೇ ಬೇಕು. ಮಗಳ ಮದುವೆ ಮುಗಿದ ವರ್ಷ ಚಾಚಾ ಕೊನೆಗೂ ಟಿಕೆಟ್ ತೆಗೆಸಿದರು. ದೆಹಲಿ, ಮನಾಲಿ, ಅಲ್ಲಿಂದ ಆಚೆ ಲಾಹೌಲ್ ಕಣಿವೆ. ಕೆರೆಗಳು, ಅವುಗಳ ತುದಿಗೆ ಬಾರಾಲಾಚಾ ಲಾ ಎಂಬ ಘಾಟಿ. ಹೆಸರಿನ ಕೊನೆಗೇ ಲಾ ಇದೆ, ಮಾತು ಮಾತಿಗೂ ಕೊನೆಗೊಂದು ಲಾ ಸೇರಿಸುವ ನಮ್ಮ ಮಲೇಷಿಯಾದವರೇ ಯಾರೋ ಇಟ್ಟಿರಬೇಕು ಎಂದು ನಾನು ಇಡೀ ಬ್ಲಾಕಿಗೆ ಸಾರಿದೆ.

ನನ್ನನ್ನು ಕರೆದುಕೊಂಡು ಹೋದದ್ದು ಪ್ರೀತಿಗೆ ಎಂದುಕೊಂಡಿದ್ದೆ. "ಬ್ಯಾಗು ಹೊರಾಕ ಒಂದು ಕತ್ತಿ ಬೇಕಾಗಿತ್ತು" ಎಂದು ಚಾಚಾ ಅಮ್ಮನಿಗೆ ಹೇಳಿದ್ದು ಆಮೇಲೆ ತಿಳಿಯಿತು. ಅವರ ಊರಲ್ಲಿ ಕತ್ತಿ ಅಂದರೆ ಕತ್ತೆ. ಹೊರಡುವ ಮೊದಲು ಒಂದು ಭಾನುವಾರ ನನ್ನನ್ನು ಚಳಿಯ ತಾಲೀಮಿಗೆ ತಮ್ಮ ಕೋಲ್ಡ್ ಸ್ಟೋರೇಜಿಗೇ ಒಯ್ದರು. ಚಾಚಿಯನ್ನೂ ಕರೆದರು. "ಸಿಗಡಿ ಜೋಡಿ ನಿಂತು ಥಂಡಿ ಕಲೀಬೇಕೇನ್ರೀ?" ಎಂದು ಅವರು ಬರಲಿಲ್ಲ. ಪೆಟ್ಟಿಗೆಗಳ ಸಾಲಿನ ನಡುವೆ ಚಾಚಾ ಸೇನಾಪತಿಯಂತೆ ನಡೆದರು. ನಾನು ಹಿಂದೆ, ಮೂಗಿನ ತುದಿ ಇದೆಯೋ ಇಲ್ಲವೋ ಮುಟ್ಟಿ ನೋಡಿಕೊಳ್ಳುತ್ತ. ಪ್ರವಾಸಕ್ಕೆ ಹೊಸ ಸ್ವೆಟರ್ ಬೇಡ ಎಂದು ತಮ್ಮ ಮತ್ತು ನನ್ನ ಪಾಲಿಗೆ ಅಲ್ಲಿಯ ಎರಡು ದಪ್ಪ ನೀಲಿ ಜಾಕೆಟ್ಟುಗಳನ್ನೂ ಎರವಲು ತಂದರು. ಎಷ್ಟು ಒಗೆದರೂ ಮೀನಿನ ವಾಸನೆ ಹೋಗಲಿಲ್ಲ. ಮನಾಲಿಯಲ್ಲಿ ಇಳಿದ ಕೂಡಲೇ ಆ ಊರಿನ ನಾಯಿಗಳೆಲ್ಲ ಬಾಲ ಅಲ್ಲಾಡಿಸುತ್ತ ನಮ್ಮ ಹಿಂದೆ ಹೊರಟವು. "ನೋಡಲೇ, ಸ್ವಾಗತ ಹೆಂಗೈತಿ!" ಎಂದರು ಚಾಚಾ.

ಮನಾಲಿಯಿಂದ ಬೆಟ್ಟದೊಳಗೇ ಹಾದು ಲಾಹೌಲಿಗೆ ಹೋಗುವ ಸುರಂಗವನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಒಳಹೋಗುವಾಗ ದೇವದಾರು ಮರಗಳು, ಹಸಿರು, ಜಿಟಿಜಿಟಿ ಮಳೆ. ಹೊರಬಂದಾಗ ಯಾರೋ ಚಾನೆಲ್ಲೇ ಬದಲಿಸಿದ ಹಾಗೆ. ಬೋಳು ಬೂದು ಬೆಟ್ಟಗಳು, ತಲೆಯ ಮೇಲೆ ಬಿಳಿ, ಕಣ್ಣು ಕುಕ್ಕುವ ಬಿಸಿಲು, ಕೆಳಗೆ ಸಿಮೆಂಟಿನ ಬಣ್ಣದ ನದಿ. ಸಿಸ್ಸುವಿನ ಕೆರೆಯಲ್ಲಿ ಆ ಬೆಟ್ಟಗಳೆಲ್ಲ ತಲೆಕೆಳಗಾಗಿ ಮಲಗಿದ್ದವು. ನಾನು ಅಯ್ಯೋ, ಅಬ್ಬಾ, ಅಯ್ಯೋ, ಅಬ್ಬಾ ಎಂದು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡೆ. ಕೇಲಾಂಗಿನಲ್ಲಿ ಉಳಿದು, ಮರುದಿನ ಬೆಳಗ್ಗೆ ಮತ್ತೆ ಮೇಲಕ್ಕೆ. ದೀಪಕ್ ತಾಲ್ ಎಂಬ ಪುಟ್ಟ ಕೆರೆ, ಗಾಜಿನ ಹಸಿರು. ಅಲ್ಲಿಂದ ಮುಂದೆ ರಸ್ತೆಯ ಎರಡೂ ಕಡೆ ಹಿಮದ ಗೋಡೆ. ಯಂತ್ರ ಕೊಯ್ದ ಗೋಡೆ, ಮಣ್ಣು ಮೆತ್ತಿಕೊಂಡದ್ದು. ಚಾಚಾ ಬಾಡಿಗೆ ಗಾಡಿಯ ಡ್ರೈವರನಿಗೆ ನಿಲ್ಲಿಸಲು ಹೇಳಿ, ಹೆಮ್ಮೆಯಿಂದ ಕೈ ಚಾಚಿ ತೋರಿಸಿದರು. ಚಾಚಿ ಕಿಟಕಿಯಿಂದಲೇ ನೋಡಿ, "ಇದು ಬಿದ್ದು ಹಳೇದಾಗೈತ್ರಿ. ನಮ್ಮ ಫ್ರಿಜ್ಜಿನಾಗೂ ಐತಿ" ಎಂದರು.

ಚಾಚಾನ ಮುಖ ಇಳಿಯಿತು. ಆಕಾಶದಲ್ಲಿ ಒಂದು ತುಂಡು ಮೋಡ ಇರಲಿಲ್ಲ. ಘಾಟಿಗೆ ಅದೊಂದೇ ದಿನ. ಮರುದಿನ ಮನಾಲಿಗೆ ವಾಪಸ್ಸು, ಆಮೇಲೆ ದೆಹಲಿ, ಕ್ಲಾಂಗು, ಸಿಗಡಿ. ಅವರು ಗಳಿಗೆಗೊಮ್ಮೆ ಡ್ರೈವರನ ಭುಜ ತಟ್ಟಿ, ಇವತ್ತು ಬೀಳುತ್ತದೆಯೇ ಎಂದು ಹಿಂದಿಯಲ್ಲಿ ಕೇಳುತ್ತಿದ್ದರು. ಊರು ಲಾಹೌಲೇ ಆದ ಆ ಡ್ರೈವರ್ ಹುಬ್ಬೇರಿಸಿ ನಗುತ್ತಿದ್ದ. ಬೀಳದಿರಲಿ ಎಂದು ಹರಸಿಕೊಳ್ಳುವವರನ್ನಷ್ಟೇ ಅವನು ಕಂಡಿದ್ದ.

ಘಾಟಿಗೆ ಸ್ವಲ್ಪ ಮುಂಚೆ ಸೂರಜ್ ತಾಲ್. ಅರ್ಧ ಕೆರೆ ಮಂಜುಗಡ್ಡೆ, ಅರ್ಧ ನೀಲಿ. ಆ ನೀಲಿಗೆ ನನ್ನ ಬಳಿ ಹೋಲಿಕೆಯಿಲ್ಲ… ನೋಡುತ್ತ ನಿಂತೆ. ಚಾಚಾನ ದನಿಯಲ್ಲಿ ಏನಾದರೂ ಹೇಳಿ ಚಾಚಿಯನ್ನು ನಗಿಸೋಣವೆಂದು ಬಾಯಿ ತೆರೆದರೆ ಉಸಿರೇ ಸಾಲಲಿಲ್ಲ. ಬಂದದ್ದು ಪಂಕ್ಚರ್ ಆದ ಸೈಕಲ್ಲಿನ ದನಿ. ಅಷ್ಟರಲ್ಲಿ ಗಾಳಿ ಎದ್ದಿತು. ಹಿಮದಲ್ಲಿ ಅನುಭವಸ್ಥರಾದ ಚಾಚಾ ನಮ್ಮೆಲ್ಲರಿಗಿಂತ ಹೆಚ್ಚು ನಡುಗುತ್ತ ಗಾಡಿಗೆ ಓಡಿದರು. "ಇಲ್ಲಿ ಥಂಡಿಗೆ ಶಿಸ್ತು ಅನ್ನೂದಿಲ್ಲೋ! ನಮ್ಮ ಥಂಡಿ ನಿಂದ್ರು ಅಂದಲ್ಲಿ ನಿಂದ್ರತೈತಿ. ಇದು ಅಂಗಿಯೊಳಗ ಅಡ್ಡ್ಯಾಡತೈತಿ!"

ಘಾಟಿ ದಾಟಿದ ಕೂಡಲೇ ಕೆಲವು ಡೇರೆಗಳ ಧಾಬಾ. ಚಾಚಿಗೆ ಎತ್ತರದ ತಲೆನೋವು ಹಿಡಿದಿತ್ತು. ಒಂದು ಲೋಟ ಚಹಾ ಕುಡಿಸಿ ಬೇಗ ಕೆಳಗಿಳಿಯೋಣ ಎಂದ ಡ್ರೈವರ್. ಡೇರೆಯೊಳಗೆ ನೆಲಕ್ಕೆ ಜಮಖಾನ, ಸುತ್ತ ಹಾಸಿಗೆ. ಅದನ್ನು ಕಂಡದ್ದೇ ಚಾಚಾ ಹೊಸ್ತಿಲಲ್ಲಿ ಬೂಟು ಬಿಚ್ಚಿದರು. ಚಾಚಿ ಬಿಚ್ಚಿದರು, ನಾನೂ ಬಿಚ್ಚಿದೆ. ಕ್ಲಾಂಗಿನಲ್ಲಿ ಯಾರ ಮನೆಗೆ ಹೋದರೂ ಮಾಡುವುದು ಅದನ್ನೇ. ಚಪ್ಪಲಿ ಬಾಗಿಲ ಹೊರಗೆ, ಮುಂದಿನ ತುದಿ ರಸ್ತೆಯ ಕಡೆಗೆ, ಸಾಲಾಗಿ. ಡ್ರೈವರ್ ಬೂಟು ಹಾಕಿಕೊಂಡೇ ಒಳಬಂದು ನಮ್ಮ ಕಾಲ್ಚೀಲಗಳನ್ನು ವಿಚಿತ್ರವಾಗಿ ನೋಡಿದ. ಆಗಲೂ ನಮಗೆ ಹೊಳೆಯಲಿಲ್ಲ. ಚಾಚಿ ಚಹಾ ಕುಡಿದು ರಜಾಯಿಗಳ ಕೆಳಗೆ ಕಣ್ಣು ಮುಚ್ಚಿದರು. ಹೊರಗೆ ಬೆಳಕು ಯಾವಾಗ ಕಂದಿತೋ ಯಾರೂ ಗಮನಿಸಲಿಲ್ಲ.

ಧಾಬಾದ ಹೆಂಗಸು ನೀರು ಚೆಲ್ಲಲು ಪರದೆ ಎತ್ತಿದಳು. ಎತ್ತಿದವಳು ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ಇಣುಕಿ ನೋಡಿದೆವು. ನಮ್ಮ ಮೂರು ಜೊತೆ ಬೂಟುಗಳು ಶಿಸ್ತಾಗಿ ನಿಂತು, ಒಳಗೆಲ್ಲ ಬೆಳ್ಳಗೆ ತುಂಬಿಕೊಳ್ಳುತ್ತಿದ್ದವು. ನಾನು ನನ್ನ ಬೂಟಿಗೆ ಅಯ್ಯೋ ಎಂದೆ. ಚಾಚಾ ಬೂಟು ನೋಡುತ್ತಿರಲಿಲ್ಲ. ಅವರ ಕತ್ತು ಮೆಲ್ಲಗೆ ಮೇಲಕ್ಕೆ ಹೋಯಿತು. "ಬೀಳಾಕತ್ತೈತಲೇ…" ಎಂದರು, ಜೋರಾಗಿ ಹೇಳಿದರೆ ನಿಂತುಬಿಡುತ್ತದೇನೋ ಎಂಬಂತೆ.

ಓಡಿ ಹೋಗಿ ಚಾಚಿಯನ್ನು ಅಲುಗಿಸಿದರು. ಚಾಚಿ ಕಣ್ಣು ತೆರೆಯದೆ, "ತಲಿ ಸೀಳಾಕತ್ತೈತ್ರಿ. ನೀವ ನೋಡ್ರಿ" ಎಂದರು. ಚಾಚಾ ಕಾಲ್ಚೀಲದಲ್ಲೇ ಹೊರಗೆ ಕಾಲಿಟ್ಟರು, ಒಂದು ಗಳಿಗೆ ನಿಂತರು, ತಿರುಗಿ ಬಂದರು. ನೀವು ನೋಡಿ ಚಾಚಾ, ಇವರ ಬಳಿ ನಾನಿರುತ್ತೇನೆ ಎಂದೆ. "ನಾ ಒಬ್ಬನ ನೋಡಿದ್ರ ಏನ್ ಬಂತೋ?" ಎಂದರು. ಡ್ರೈವರ್ ಆಗಲೇ ಎದ್ದಿದ್ದ. ಹಿಮ ಜೋರಾದರೆ ಘಾಟಿಯ ರಸ್ತೆ ಕೈಕೊಡುತ್ತದೆ, ಆಂಟಿಗೆ ಹುಷಾರೂ ಇಲ್ಲ, ಈಗಲೇ ಹೊರಡಬೇಕು ಎಂದ. ಚಾಚಾ ಇಷ್ಟು ವರ್ಷ ಕಾದದ್ದನ್ನು ಅಲ್ಲೇ ಬಿಟ್ಟು ಇಳಿಯಲು ತಯಾರಾದರು.

ಚಾಚಿಯ ಬೂಟು ಜೋರಾಗಿ ಕೊಡವಿ, ತಮ್ಮ ಮಫ್ಲರಿನಿಂದ ಒಳಗೆಲ್ಲ ಒರೆಸಿದರು. ಆದರೂ ಒದ್ದೆ. ನಾವು ಎಲ್ಲಿಗೆ ಹೋದರೂ ತಪಾವ್ ಚೀಲಗಳನ್ನು ಒಯ್ಯುವವರು. ಉಳಿದ ಊಟ ಕಟ್ಟಿಸಿಕೊಳ್ಳದೆ ಮಲೇಷಿಯಾದವರು ಹೋಟೆಲಿನಿಂದ ಏಳುವುದುಂಟೇ? ಆ ಪ್ಲಾಸ್ಟಿಕ್ ಚೀಲಗಳನ್ನು ಚಾಚಿಯ ಕಾಲ್ಚೀಲದ ಮೇಲೆ ತೊಡಿಸಿ, ಅವುಗಳದ್ದೇ ಕೆಂಪು ದಾರ ಬಿಗಿದು, ಮಂಡಿಯೂರಿ ಬೂಟು ಹಾಕಿಸಿದರು. "ಕೋಳಿನ ಪಾರ್ಸಲ್ ಮಾಡಿದಂಗಾತು" ಎಂದು ಚಾಚಿ ಗೊಣಗಿದರು. ಆಮೇಲೆ ಚಾಚಾನ ತೋಳು ಹಿಡಿದು, ತಲೆ ತಗ್ಗಿಸಿ, ಡೇರೆಯಿಂದ ಗಾಡಿಯ ಕಡೆಗೆ ಹೊರಟರು. ನಾನು ಬ್ಯಾಗು ಹೊತ್ತು ಮುಂದೆ.

ಗಾಡಿಯ ಬಾಗಿಲು ತೆಗೆದು ತಿರುಗಿದರೆ ಅವರು ಬಂದಿರಲಿಲ್ಲ. ದಾರಿಯ ನಡುವೆ ಚಾಚಿ ನಿಂತುಬಿಟ್ಟಿದ್ದರು. ಚಾಚಾನ ನೀಲಿ ತೋಳಿನ ಮೇಲೆ ಬಿಳಿ ಚೂರುಗಳು ಬಂದು ಕೂರುತ್ತಿದ್ದವು, ಕರಗುತ್ತಿರಲಿಲ್ಲ. ಚಾಚಿ ಬೆರಳ ತುದಿಯಿಂದ ಒಂದನ್ನು ಮುಟ್ಟಿದರು. ಇನ್ನೊಂದನ್ನು ಮುಟ್ಟಿದರು. ಆಮೇಲೆ ಮುಖ ಮೇಲೆತ್ತಿದರು. ಬಂತು ನೋಡಿ ನನಗೆ ಹುಚ್ಚು ಖುಷಿ! ಬ್ಯಾಗು ಎಸೆದು, ಒದ್ದೆ ಬೂಟಿನಲ್ಲೇ ಕುಣಿದೆ. ಡ್ರೈವರ್ ಹಾರ್ನ್ ಒತ್ತಿದ, ಮತ್ತೂ ಒತ್ತಿದ. ಅವರಿಬ್ಬರಿಗೆ ಕೇಳಿಸಲಿಲ್ಲ. ಹಿಮ ಇಳಿಯುತ್ತಿತ್ತು, ಸದ್ದಿಲ್ಲದೆ, ಅವಸರವಿಲ್ಲದೆ… ಚಾಚಾ ಬಾಗಿ ಚಾಚಿಯ ಕಿವಿಯಲ್ಲಿ ಏನೋ ಹೇಳಿದರು. ಚಾಚಿ ಅವರ ಭುಜಕ್ಕೆ ಫಟ್ಟನೆ ಒಂದು ಕೊಟ್ಟು ನಕ್ಕರು. ಫೋಟೋ ತೆಗೆಯಬೇಕೆಂದು ನನಗೆ ನೆನಪಾದದ್ದು ಗಾಡಿ ಘಾಟಿ ಇಳಿದ ಮೇಲೆ. ಕೇಲಾಂಗ್ ತಲುಪುವಷ್ಟರಲ್ಲಿ ತಲೆನೋವೂ ಇಳಿದು, ಚಾಚಿ ಅನ್ನ, ಸಾರು ಕೇಳಿದರು.

ಚಾಚಾ ಹೋದ ವರ್ಷ ತೀರಿಕೊಂಡರು. ಎದೆನೋವು ಎಂದು ಆಸ್ಪತ್ರೆಗೆ ಹೋದವರು ವಾಪಸ್ಸು ಬರಲಿಲ್ಲ. ನಮ್ಮ ಕನ್ನಡದ ಮಂದಿ ಸೇರಿದಲ್ಲೆಲ್ಲ, "ಚಾಚಾನ್ನ ಮಾಡೋ" ಎನ್ನುತ್ತಾರೆ. ಮೊದಮೊದಲು ಆಗುತ್ತಿರಲಿಲ್ಲ. ಈಗ ಮಾಡುತ್ತೇನೆ. ಕೆಮ್ಮಿ ಆಮೇಲೆ ಬೈಯುತ್ತೇನೆ, ಜನ ಬಿದ್ದು ಬಿದ್ದು ನಗುತ್ತಾರೆ.

ಬ್ರಿಕ್‌ಫೀಲ್ಡ್ಸ್‌ನಿಂದ ಬಂದ ಸಂಜೆ ನೇರ ಚಾಚಿಯ ಮನೆಗೇ ಹೋದೆ. ಚಹಾ ಕೊಟ್ಟರು. ಅಂಗಡಿಯಲ್ಲಿ ನನ್ನ ಮಾನ ಹೋದ ಕಥೆ ಹೇಳಿ ನಗಿಸಿದೆ. ಆಮೇಲೆ, ಇಷ್ಟು ದಿನ ನಾಲಿಗೆ ತುದಿಯಲ್ಲಿದ್ದದ್ದನ್ನು ಕೇಳಿದೆ. ಆವತ್ತು ಹಿಮದಲ್ಲಿ ಚಾಚಾ ನಿಮ್ಮ ಕಿವಿಯಲ್ಲಿ ಏನು ಹೇಳಿದರು?

ಚಾಚಿ ತಮ್ಮ ಲೋಟ ಕೆಳಗಿಟ್ಟರು. "ಹೇಳಂಗಿಲ್ಲಪಾ. ನಿನಗ ಕೊಟ್ರ ನಾಳೆ ನಾಕು ಮಂದಿ ಮುಂದ ಮಾಡ್ತಿ. ಉಳದದ್ದೆಲ್ಲಾ ನೀ ಇಟ್ಕೊ. ಅದೊಂದು ನನ್ನ ಹಂತ್ಯಾಕ ಇರಲಿ."

ಹೂಂ ಎಂದೆ. ಚಾಚಾನನ್ನು ಪೂರ್ತಿಯಾಗಿ ಉಳಿಸಿಕೊಂಡವನು ನಾನೇ ಎಂಬ ಜಂಬ ನನಗಿತ್ತು. ನನ್ನ ಗಂಟಲಲ್ಲಿ ಇರುವುದು ಇಡೀ ಬ್ಲಾಕಿಗೆ ಕೇಳುವಂತೆ ಕೂಗುತ್ತಿದ್ದ ಚಾಚಾ ಮಾತ್ರ. ಚಾಚಿಯ ಕಿವಿಯಲ್ಲಿ ಮೆಲ್ಲಗೆ ಮಾತಾಡುತ್ತಿದ್ದ ಚಾಚಾ ನನಗೆ ಸಿಗದೇ ಹೋಗಿಬಿಟ್ಟರು… ಲೋಟ ತೊಳೆದಿಟ್ಟು, ಚಾಚಿಗೆ ಹೇಳಿ, ಮೆಟ್ಟಿಲು ಹತ್ತಿದೆ.