ದೊರೆಸಾನಿಗೆ ಬಿದ್ದ ಏಟು

ನಮ್ಮ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವರು ಅಕ್ಕ. ನನ್ನ ಸ್ವಂತ ಅಕ್ಕನಲ್ಲ, ಅಂಗಡಿಗೆಲ್ಲ ಅಕ್ಕ. ನನ್ನ ಕೆಲಸ ಗಿರಾಕಿಗಳ ಮೂಗಿನ ಮೇಲೆ ಫ್ರೇಮ್ ಇಟ್ಟು "ನಿಮಗೆ ಚೆನ್ನಾಗಿ ಒಪ್ಪುತ್ತೆ" ಎನ್ನುವುದು. ಮೂರು ವರ್ಷದಲ್ಲಿ ಒಬ್ಬರಿಗೂ ಒಪ್ಪುವುದಿಲ್ಲ ಎಂದವನಲ್ಲ. ನನ್ನ ಸತ್ಯಸಂಧತೆ ಅಷ್ಟು ದೊಡ್ಡದು.

ಅಕ್ಕನ ಕೈ, ಕತ್ತು, ಬಲಗೆನ್ನೆಯ ಮೇಲೆ ತೊನ್ನಿನ ಬಿಳಿ ಮಚ್ಚೆಗಳಿವೆ. ಹನ್ನೊಂದನೇ ವಯಸ್ಸಿನಿಂದ ಇವೆ, ಈಗ ಅವರಿಗೆ ನಲವತ್ತೆರಡು. ಮಚ್ಚೆ ನೋಯುವುದಿಲ್ಲ, ಅಂಟುವುದಿಲ್ಲ. ನೋಯಿಸುವುದು ಕಂಡಕಂಡವರು ಹೇಳುವ ಮದ್ದು.

ಭಾನುವಾರ ಮಧ್ಯಾಹ್ನ ಅಂಗಡಿಯ ಮೇಲಿನ ಕೋಣೆಯಲ್ಲಿ, ಖಾಲಿ ಡಬ್ಬಿಗಳ ರಾಶಿಯ ನಡುವೆ, ನಾವು ಮೂವರು ಆಟ ಆಡುತ್ತೇವೆ. ಅಕ್ಕನ ಭಾವ, ಬಸ್ ಕಂಡಕ್ಟರ್, ಕತೆ ನಡೆಸುತ್ತಾರೆ. ನಮ್ಮ ನಮ್ಮ ಪಾತ್ರ ಏನು ಮಾಡುತ್ತದೆಂದು ನಾವು ಹೇಳುವುದು, ಆಗುತ್ತದೋ ಇಲ್ಲವೋ ಇಪ್ಪತ್ತು ಮುಖದ ದಾಳ ಹೇಳುವುದು, ದೊಡ್ಡ ಸಂಖ್ಯೆ ಬಿದ್ದರೆ ಆದಂತೆ. "ಟಿಕೆಟ್ ಹರಿದ ಮೇಲೆ ವಾಪಸ್ ಇಲ್ಲ" ಎಂಬುದು ಭಾವನ ಕಾನೂನು.

ಅಕ್ಕನ ಪಾತ್ರ ದೊರೆಸಾನಿ, ನೂರ ನಲವತ್ತು ವರ್ಷದ ರಕ್ತಪಿಶಾಚಿ. ನಾಲ್ಕು ವರ್ಷ ಸಾಕಿ ಬೆಳೆಸಿದ ಪಾತ್ರ. ಅವಳ ಕತೆಯೇ ಏಳು ನೋಟ್‌ಬುಕ್ ತುಂಬಿದೆ. ಅವಳು ಬಂದರೆ ಸೈನಿಕರೂ ದಾರಿ ಬಿಡುತ್ತಾರೆ. ನನ್ನದೊಬ್ಬ ಮಂತ್ರವಾದಿ, ದೀಪ ಹಚ್ಚಲೂ ಬೆಂಕಿಪೊಟ್ಟಣ ಬೇಕಾದವನು. ಒಂದು ವರ್ಷ ಒದ್ದಾಡಿ ಒಂದೇ ಒಂದು ದೊಡ್ಡ ಮಂತ್ರ ಸಂಪಾದಿಸಿದ್ದ.

ಆ ಭಾನುವಾರ ದೊರೆಸಾನಿ ಗಾಯಗೊಂಡು ಗೋಪುರದಲ್ಲಿ ಬಿದ್ದಿದ್ದಳು, ಪಕ್ಕದಲ್ಲಿ ನನ್ನ ಮಂತ್ರವಾದಿ. ಬೆಳಗಾಗುವುದರಲ್ಲಿತ್ತು, ಬಿಸಿಲು ತಾಗಿದರೆ ರಕ್ತಪಿಶಾಚಿ ಸುಟ್ಟು ಬೂದಿ.

"ಬೇಗ ಕಿಟಕಿ ಮುಚ್ಚೋ" ಎಂದರು ಅಕ್ಕ.

ನನ್ನೊಳಗಿನ ಮಹಾತ್ಮ ಎದ್ದು ನಿಂತ. "ಕಿಟಕಿ ಯಾಕಕ್ಕಾ? ನನ್ನ ಮಂತ್ರವಾದಿ ದೊರೆಸಾನೀನ ಮನುಷ್ಯಳನ್ನಾಗಿ ಮಾಡ್ತಾನೆ!" ದಾಳ ಎಸೆದೆ. ಇಪ್ಪತ್ತಕ್ಕೆ ಹದಿನೇಳು.

"ಆಯ್ತು ಬಿಡಪ್ಪ" ಎಂದು ಭಾವ 'ಗುಣವಾಯಿತು' ಎಂದು ಬರೆದುಕೊಂಡರು.

"ಅಕ್ಕಾ, ಇನ್ನು ಬಿಸಿಲಲ್ಲಿ ಆರಾಮಾಗಿ ಓಡಾಡ್ಬಹುದು!"

ಅಕ್ಕ ಪೆನ್ಸಿಲ್ ಕೆಳಗಿಟ್ಟರು. "ನಾನು ಕೇಳಿದ್ದು ಕಿಟಕಿ ಮುಚ್ಚು ಅಂತ. ಅದು ಬಿಟ್ಟು ನನ್ನ ರಿಪೇರಿಗೆ ಇಳಿದ್ಯಲ್ಲ, ಯಾರು ಕರೆದ್ರು ನಿನ್ನ?" ಚೀಲ ಎತ್ತಿಕೊಂಡು ಮೆಟ್ಟಿಲಿಳಿದು ಹೋದರು.

ನನಗೆ ಮೈಯೆಲ್ಲ ಉರಿಯಿತು. ಒಂದು ವರ್ಷದ ಮಂತ್ರ ಖರ್ಚು ಮಾಡಿದ್ದೇನೆ, ಉಪಕಾರ ಸ್ಮರಣೆಯೇ ಇಲ್ಲವಲ್ಲ!

ಸೋಮವಾರ ಕನ್ನಡಕ ಒಯ್ಯಲು ಬಂದ ಹೆಂಗಸೊಬ್ಬಳು ಅಕ್ಕನ ಕೈಯನ್ನೇ ನೋಡಿದಳು. "ನನ್ನ ನಾದಿನಿ ಮಗಳಿಗೆ ಮೂರೇ ತಿಂಗಳಲ್ಲಿ ಮಾಯ ಆಯ್ತು ಕಣಮ್ಮ. ವಿಳಾಸ ಕೊಡ್ತೀನಿ. ಆಮೇಲೆ ನೀನೂ ನಾಲ್ಕು ಜನರ ಮಧ್ಯೆ ಆರಾಮಾಗಿ ಓಡಾಡ್ಬಹುದು."

"ಮೊದ್ಲು ಕನ್ನಡಕ ಹಾಕ್ಕೊಂಡು ನನ್ನ ನೆಟ್ಟಗೆ ನೋಡಿ" ಎಂದರು ಅಕ್ಕ. "ಔಷಧಿ ಆಮೇಲೆ ಹೇಳಿ."

ಆರಾಮಾಗಿ ಓಡಾಡಬಹುದಂತೆ! ಇವಳಿಗೇನು ಅಧಿಕಾರ ಎಂದು ಹಲ್ಲು ಕಡಿದೆ. ಕಡಿಯುತ್ತಿದ್ದಂತೆ, ಆ ಮಾತು ಹಿಂದಿನ ದಿನ ಹೊರಟಿದ್ದು ಇದೇ ಹಲ್ಲುಗಳ ನಡುವಿನಿಂದ ಎಂಬುದು ಹೊಳೆಯಿತು. ಅವಳಾದರೋ ವಿಳಾಸ ಕೊಡುತ್ತೇನೆಂದಳು ಅಷ್ಟೇ, ಬೇಡವೆನ್ನಬಹುದಿತ್ತು. ನಾನು ಕೇಳದೆ ಮದ್ದು ಕುಡಿಸಿಯೇ ಬಿಟ್ಟಿದ್ದೆ.

ಮುಂದಿನ ಭಾನುವಾರ ಅಕ್ಕನಿಗಿಂತ ಮೊದಲು ನಾನೇ ಜಗಳ ತೆಗೆದೆ. "ಭಾವ, ಪಿಶಾಚಿ ಗುಣ ಮಾಡೋ ಮಂತ್ರಾನೇ ಆಟದಿಂದ ತೆಗೀರಿ."

"ನೀನು ಸುಮ್ನಿರು. ಮತ್ತೆ ನನ್ನ ಪರವಾಗಿ ನೀನೇ ತೀರ್ಮಾನ ಮಾಡ್ಬೇಡ" ಎಂದರು ಅಕ್ಕ. "ಮಂತ್ರ ಇರ್ಲಿ. ಬೇಕು ಅಂತ ಬರೋ ಪಿಶಾಚಿಗೆ ಹಾಕಿ, ಪುಣ್ಯ ಬರುತ್ತೆ. ಬೇಡ ಅನ್ನೋಳ ಮೇಲೆ ಹಾಕಿದ್ರೆ ಅದು ಮದ್ದಲ್ಲ, ಏಟು. ಏಟು ಬಿದ್ರೆ ತಡೆಯೋಕೆ ದಾಳ ಎಸೆಯೋ ಹಕ್ಕಿದೆ ಅಲ್ವಾ ಭಾವ? ನನ್ನ ದಾಳ ಎಲ್ಲಿ?"

ಭಾವ ನಿಯಮದ ಪುಸ್ತಕವನ್ನು ಮೂರು ಸಲ ತಿರುವಿದರು. ಕೊನೆಗೆ ದಾಳವನ್ನು ಅಕ್ಕನ ಕಡೆ ತಳ್ಳಿದರು.

ಒಂಬತ್ತು ಬಿತ್ತು. ಹದಿನೇಳರ ಮುಂದೆ ಒಂಬತ್ತು.

ನಾನು ತಲೆ ತಗ್ಗಿಸಿದೆ. ಅಕ್ಕ ತಗ್ಗಿಸಲಿಲ್ಲ. "ಸೋತೆ, ಸರಿ. ಆದ್ರೆ 'ಗುಣವಾಯಿತು' ಅನ್ನೋದು ಹೊಡೆದು ಹಾಕಿ. 'ಏಟು ಬಿತ್ತು' ಅಂತ ಬರೀರಿ."

ಭಾವ ಹೊಡೆದು ಬರೆದರು. "ಈಗ ದೊರೆಸಾನಿ ಏನು ಮಾಡ್ತಾಳಮ್ಮ?"

"ಬಿಸಿಲಿಗೆ ಬರ್ತಾಳೆ" ಎಂದರು ಅಕ್ಕ, ನನ್ನನ್ನೇ ನೋಡುತ್ತ. "ಏಟು ಕೊಟ್ಟೋನು ಎಲ್ಲಿದ್ದಾನೆ ಅಂತ ಹುಡುಕ್ತಾಳೆ."