ಗುಟ್ಟಿನ ಪ್ರೇಮಿಯನ್ನು ಹುಡುಕಿಕೊಟ್ಟ ಆಟ

ನಾನು ಗಂಡನನ್ನು ಕಳೆದುಕೊಂಡವಳು. ಕಮರ್ಷಿಯಲ್ ಸ್ಟ್ರೀಟಿನ ಸೀರೆ ಅಂಗಡಿಯಲ್ಲಿ ಕೆಲಸ, ಲಿಂಗರಾಜಪುರದಲ್ಲಿ ಮಹಡಿ ಮೇಲೊಂದು ಬಾಡಿಗೆ ಕೋಣೆ. ದಿನಾ ಬೆಳಿಗ್ಗೆ ಉಟ್ಟ ಸೀರೆಯ ಫೋಟೋವೊಂದನ್ನು ಸ್ನೇಹಜಾಲಕ್ಕೆ ಹಾಕಿ ಕೆಲಸಕ್ಕೆ ಹೊರಡುವುದು ನನ್ನ ಚಟ. ನನ್ನ ಬಗ್ಗೆ ಜಗತ್ತಿಗೆ ಇಷ್ಟು ತಿಳಿದರೆ ಸಾಕು ಅಂದುಕೊಂಡಿದ್ದೆ. ಆದರೆ ಆ ಜಾಲ ನಡೆಸುವ ಕಂಪನಿಯವರು ಬಹಳ ಉದಾರಿಗಳು, ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ನನ್ನ ಮನೆಯೊಳಗೆ ಕೂರಿಸಿದರು.

ಹಾಗೆ ಬಂದು ಕೂತವು ಹೊರಗಿನವರ ಆಟಗಳು. ಹಿಂದಿನ ಜನ್ಮದಲ್ಲಿ ನೀವು ಯಾವ ರಾಣಿ, ನಿಮ್ಮ ಮೂಗು ಯಾವ ನಟಿಯದು ಎಂಬಂಥ ಲೋಕೋಪಕಾರಿ ಸಂಶೋಧನೆಗಳು. ಒಂದು ಭಾನುವಾರ ಕುಕ್ಕರ್ ಕೂಗುವವರೆಗೆ ಹೊತ್ತು ಹೋಗಲೆಂದು ‘ನಿಮ್ಮನ್ನು ಗುಟ್ಟಾಗಿ ಪ್ರೀತಿಸುವವರು ಯಾರು?’ ಎಂಬುದನ್ನು ಒತ್ತಿದೆ. ನಿಮ್ಮ ಸ್ನೇಹಿತರನ್ನು ನೋಡಬಹುದೇ, ನಿಮ್ಮ ಪರವಾಗಿ ಬರೆಯಬಹುದೇ ಎಂದು ಆಟ ವಿನಯದಿಂದ ಕೇಳಿತು. ಬಾಗಿಲಿಗೆ ಬಂದವರಿಗೆ ಬೇಡ ಅನ್ನುವುದು ನಮ್ಮ ರಾಯಚೂರು ಕಡೆಯ ರೂಢಿಯಲ್ಲ. ಹೂಂ ಅಂದೆ.

ಕುಕ್ಕರ್ ಕೂಗುವ ಮೊದಲೇ ಉತ್ತರ ಬಂತು. ಕೆಂಪು ಹೃದಯದೊಳಗೆ ನನ್ನ ಫೋಟೋ, ಪಕ್ಕದಲ್ಲಿ ಬಿಳಿ ಗಡ್ಡ, ಬಿಳಿ ಟೋಪಿಯ ನಮ್ಮ ಮನೆ ಮಾಲೀಕರು! ಹಜ್‌ಗೆ ಹೋಗಿಬಂದ ಹಿರಿಯರು, ಮೆಟ್ಟಿಲಲ್ಲಿ ನಾನು ಎದುರಾದರೆ ಗೋಡೆ ಕಡೆ ತಿರುಗಿ ದಾರಿ ಬಿಡುವವರು. ‘ನನ್ನ ಗುಟ್ಟಿನ ಪ್ರೇಮಿ ಇವರೇ, ನಿಮ್ಮವರು ಯಾರು?’ ಎಂದು ನನ್ನ ಹೆಸರಿನಲ್ಲೇ ಬರೆದು, ನನ್ನ ನೆಂಟರಿಗೂ ಅವರ ನೆಂಟರಿಗೂ ಆಟ ಹಂಚಿಬಿಟ್ಟಿತ್ತು.

ಊರಿಂದ ಅತ್ತಿಗೆಯ ಫೋನ್ ಬಂತು. “ಬೆಂಗಳೂರಾಗ ನಿನಗ ಬಾಡಿಗಿ ಯಾಕ ಕಮ್ಮಿ ಅಂತ ಈಗ ತಿಳೀತು ನೋಡವ್ವಾ.”

ಅಳಿಸಿದೆ, ಆಟ ಮತ್ತೆ ಹಾಕಿತು. ಜಾಲದವರಿಗೆ ದೂರು ಕೊಟ್ಟೆ. ಇದು ಮೂರನೆಯವರ ಆಟ, ಅನುಮತಿ ಕೊಟ್ಟವರು ನೀವು, ಹೊಣೆ ನಮ್ಮದಲ್ಲ ಎಂಬ ಉತ್ತರ ಬಂತು. ಜೊತೆಗೆ, ನಮ್ಮ ಸೇವೆ ನಿಮಗೆ ಹಿಡಿಸಿತೇ ಎಂಬ ಪ್ರಶ್ನೆ. ಹಿಡಿಸದೆ ಏನು, ಆರತಿ ಎತ್ತುವುದೊಂದು ಬಾಕಿ!

ನಮ್ಮ ಮಾಲೀಕರು ನಲ್ಲಿ ರಿಪೇರಿಗೆ ಯಾರನ್ನಾದರೂ ಮೇಲೆ ಕಳಿಸಿದರೆ ತಾವೂ ಬಂದು ಹೊಸ್ತಿಲಾಚೆ ನಿಲ್ಲುತ್ತಾರೆ. ಒಮ್ಮೆ ಬಂದವನು ನನ್ನ ಉಪ್ಪಿನಕಾಯಿ ಜಾಡಿ ಒಡೆದಾಗ ಮರುದಿನ ಹೊಸ ಜಾಡಿ ತಂದಿಟ್ಟರು. “ಆ ಆದ್ಮೀನ ಕಳ್ಸಿದ್ದು ನಾನಲ್ವಾ?” ಅಂದಿದ್ದರು. ಜಾಲದ ಕಂಪನಿಯೂ ಹಾಗೆಯೇ, ಒಂದು ಆಟಕ್ಕೆ ನನ್ನ ನೆಂಟರಿಷ್ಟರೆಲ್ಲ ಯಾಕೆ ಬೇಕು ಎಂದು ಒಳಗೆ ಬಿಡುವ ಮೊದಲೇ ಕೇಳಬೇಕು. ನನ್ನ ಹೆಸರಲ್ಲಿ ಬರೆದದ್ದನ್ನು ಮೊದಲು ನನಗೆ ತೋರಿಸಬೇಕು. ಒಡೆದದ್ದನ್ನು ಕಂಪನಿಯೇ ತುಂಬಿಕೊಡಬೇಕು. ಇಡೀ ಜಗತ್ತನ್ನು ಒಂದುಗೂಡಿಸುವ ಮಹನೀಯರಿಗೆ ಇಂಥ ಚಿಲ್ಲರೆ ಕೆಲಸಕ್ಕೆ ಪುರುಸೊತ್ತು ಎಲ್ಲಿಂದ ಬರಬೇಕು?

ಸಂಜೆ ಮಾಲೀಕರ ಅಕ್ಕ ಶಿವಾಜಿನಗರದಿಂದ ಆಟೋ ಮಾಡಿಕೊಂಡು ಬಂದು ನನ್ನನ್ನು ಕೆಳಗೆ ಕರೆಸಿದರು. ಮಾಲೀಕರು ತಲೆ ತಗ್ಗಿಸಿ ಕೂತಿದ್ದರು. ಅವರ ಹೆಂಡತಿ ಅಡುಗೆಮನೆಯ ಪರದೆ ಹಿಂದೆ ಇದ್ದರು.

“ಆಟ ಸುಳ್ಳು ಹೇಳತ್ತಾ? ನೋಡ್ರೀ, ಈಕೆಯ ಒಂದೊಂದು ಫೋಟೋಗೂ ಇವನು ಗುಲಾಬಿ ಚಿತ್ರ ಹಾಕಿದಾನೆ!” ಎಂದು ಅಕ್ಕ ಫೋನ್ ಎತ್ತಿ ಹಿಡಿದರು. “ಮೊದ್ಲು ರೂಮ್ ಖಾಲಿ ಮಾಡ್ಸು.”

ಗುಲಾಬಿಗಳು ನಿಜ. ಹಾಕಿದವರು ಯಾರೆಂದು ನನಗೆ ಗೊತ್ತಿತ್ತು. ಆ ಮನೆಯ ಹೆಂಗಸರಿಗೆ ಸ್ವಂತ ಖಾತೆ ಇಲ್ಲ. ನಮ್ಮ ಕಡೆಯೇನು ಮಹಾ, ನನ್ನ ಅತ್ತಿಗೆಯೂ ಅಣ್ಣನ ಹೆಸರಲ್ಲೇ ಜಾಲ ನೋಡುತ್ತಾಳೆ. ಮಧ್ಯಾಹ್ನ ಮಾಲೀಕರು ಮಲಗಿದಾಗ ಅವರ ಫೋನ್ ತೆಗೆದುಕೊಂಡು ಹೆಂಡತಿ ನನ್ನ ಸೀರೆಗಳನ್ನು ನೋಡುತ್ತಿದ್ದರು. ಯಾರಿಗೂ ಹೇಳಬೇಡಿ ಎಂದು ನನ್ನಿಂದ ಆಣೆ ಮಾಡಿಸಿಕೊಂಡಿದ್ದರು. ಬಾಯಿ ಬಿಟ್ಟರೆ ನನ್ನ ಮಾನ, ಕೋಣೆ ಎರಡೂ ಉಳಿಯುತ್ತಿದ್ದವು, ಆಕೆಗಿದ್ದ ಒಂದೇ ಒಂದು ಖುಷಿ ಹೋಗುತ್ತಿತ್ತು. ಆಣೆ ಮುರಿಯಲಿಲ್ಲ.

ಪರದೆ ಸರಿಯಿತು. “ಗುಲಾಬಿ ಹಾಕಿದ್ದು ನಾನು,” ಅಂದರು ಆಕೆ. “ಇವ್ರಿಗೆ ಪಾಪ, ಅದು ಫೋನಲ್ಲಿ ಎಲ್ಲಿರತ್ತೆ ಅಂತಾನೂ ಗೊತ್ತಿಲ್ಲ. ಮೇಲ್ಗಡೆ ಅಕ್ಕ ಚೆನ್ನಾಗಿ ಉಟ್ಕೊಂಡು ಕೆಲ್ಸಕ್ಕೆ ಹೋಗೋದು ನೋಡಕ್ಕೆ ನಂಗೆ ಇಷ್ಟ. ಅಷ್ಟೇ.”

ಮಾಲೀಕರು ಬೈಯಲಿಲ್ಲ, ಅವರು ಬೈಯುವ ಪೈಕಿಯೇ ಅಲ್ಲ. “ಮಸೀದೀಲಿ ನಾಲ್ಕು ಜನ ಕೇಳ್ತಾರಮ್ಮಾ,” ಎಂದಷ್ಟೇ ಹೇಳಿ ಅಕ್ಕನ ಕೈಯಿಂದಲೇ ತಮ್ಮ ಖಾತೆ ಮುಚ್ಚಿಸಿದರು. ನನ್ನ ಕೋಣೆ ಉಳಿಯಿತು. ಆದರೆ ಹೆಂಗಸರು ಮೇಲೆ ಕೆಳಗೆ ಓಡಾಡುವುದು ಇನ್ನು ಬೇಡ ಎಂದು ಅಕ್ಕ ತೀರ್ಪು ಕೊಟ್ಟು ಹೋದರು. ಆ ಹೃದಯದ ಚಿತ್ರ ಮತ್ತೆ ಮತ್ತೆ ಬರುತ್ತಿದ್ದರಿಂದ ನಾನೂ ನನ್ನ ಖಾತೆ ಮುಚ್ಚಿದೆ. ನಿಮ್ಮನ್ನು ತುಂಬ ಮಿಸ್ ಮಾಡಿಕೊಳ್ಳುತ್ತೇವೆ ಎಂದು ಕಂಪನಿ ಕಣ್ಣೀರಿಟ್ಟಿತು.

ಮರುದಿನ ಬೆಳಿಗ್ಗೆ ಒಳ್ಳೆಯ ಹಸಿರು ಸೀರೆಯೊಂದನ್ನು ಉಟ್ಟು ಇಳಿದೆ. ಮಾಲೀಕರ ಅಡುಗೆಮನೆ ಕಿಟಕಿಯ ಎದುರು, ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ, ಅವರ ಹೆಂಡತಿಗೆ ಸೆರಗು ಕಾಣುವಂತೆ ನಿಂತೆ. ಒಳಗಿನಿಂದ ಆಕೆಯ ಬಳೆ ತೊಟ್ಟ ಕೈ ಬಂದು ಕಿಟಕಿ ಮುಚ್ಚಿತು.