ಶನಿವಾರದ ಒಪ್ಪತ್ತು, ರಾತ್ರಿಯ ಮಾತ್ರೆ

ಮೊದಲನೇ ಡಾಕ್ಟರಿಗೆ ಕೊಟ್ಟಿದ್ದು ಹತ್ತು ರೂಪಾಯಿ, ಎರಡನೇ ಡಾಕ್ಟರಮ್ಮನಿಗೆ ಎರಡು ರೂಪಾಯಿ. ಹತ್ತು ರೂಪಾಯಿಗೆ ಸಿಕ್ಕಿದ್ದು ಸೋಫಾದ ಮೇಲೆ ಅರ್ಧ ದಿನ ಕೂರುವ ಭಾಗ್ಯ ಮತ್ತು ಒಂದು ಚೀಟಿ. ಎರಡು ರೂಪಾಯಿಗೆ ಸಿಕ್ಕಿದ್ದು ಬೈಗುಳ, ಒಂದು ತಿಂಗಳ ಮಾತ್ರೆ ಮತ್ತು ನೆಮ್ಮದಿಯ ನಿದ್ದೆ. ಬೆಲೆ ಜಾಸ್ತಿ ಇದ್ದರೆ ಸರಕು ಒಳ್ಳೆಯದಿರುತ್ತದೆ ಎಂಬ ಭ್ರಮೆ ಸೀರೆಯ ವಿಷಯದಲ್ಲಿ ನನಗೆ ಯಾವತ್ತೂ ಇರಲಿಲ್ಲ. ಡಾಕ್ಟರ ವಿಷಯದಲ್ಲಿ ಯಾಕಿತ್ತೋ ಗೊತ್ತಿಲ್ಲ. ಕುತ್ತಿಗೆಗೆ ಬಂದಾಗ ಮನುಷ್ಯರು ಚೌಕಾಶಿ ಮರೆಯುತ್ತಾರೆ ಅಂತ ಕಾಣುತ್ತದೆ.

ಅರವತ್ತರ ದಶಕ ಮುಗಿಯುತ್ತಿದ್ದ ಕಾಲ. ಜಯನಗರದ ಅಂಚಿನಲ್ಲಿ, ಯಡಿಯೂರಿನ ಕಡೆ, ಒಂದು ಹೆಂಚಿನ ಮನೆಯಲ್ಲಿ ಬಾಡಿಗೆಗೆ ಇದ್ದೆವು. ನನ್ನವರು ಮಾರ್ಕೆಟ್ಟಿನ ಅಕ್ಕಿ ಮಂಡಿಯಲ್ಲಿ ಗುಮಾಸ್ತರು. ಪಕ್ಕದ ಮನೆಯವರು ಫ್ಯಾಕ್ಟರಿ ಕೆಲಸದವರು. ಅವರ ಮನೆಯಲ್ಲಿ ಯಾರು ಕೆಮ್ಮಿದರೂ ಕಾರ್ಡು ಹಿಡಿದು ಹೋಗಿ ಪುಕ್ಕಟೆ ಔಷಧಿ ತರುತ್ತಿದ್ದರು. ನಮಗೆ ಕಾರ್ಡೂ ಇಲ್ಲ, ವಿಮೆಯೂ ಇಲ್ಲ. ಮಂಡಿಯ ಸಾಹುಕಾರರು ದೀಪಾವಳಿಗೆ ಒಂದು ಡಬ್ಬ ಸಿಹಿ ಕೊಡುತ್ತಿದ್ದರು, ಅಷ್ಟೇ ನಮ್ಮ ಆರೋಗ್ಯ ಯೋಜನೆ.

ನಾನು ಸೀರೆ ಮಾರುತ್ತಿದ್ದೆ. ಚಿಕ್ಕಪೇಟೆಯ ಸಗಟು ಅಂಗಡಿಯಲ್ಲಿ ಜಗಳವಾಡಿ ತಂದ ಸೀರೆಗಳನ್ನು ಗಂಟು ಕಟ್ಟಿಕೊಂಡು, ಜಯನಗರದ ಹೊಸ ಬ್ಲಾಕುಗಳಲ್ಲಿ ಮನೆಮನೆಗೆ ಹೋಗಿ ಹಾಸಿ ತೋರಿಸುವುದು. ಆಗ ಅಲ್ಲಿ ಮನೆಗಿಂತ ಖಾಲಿ ಸೈಟುಗಳೇ ಹೆಚ್ಚು. ಬಿಸಿಲಲ್ಲಿ ನಡೆದು ಹೋದವಳಿಗೆ ಮೊದಲು ನೀರು ಕೊಡುತ್ತಿದ್ದರು. ನೀರು ಕೊಟ್ಟವರು ಸೀರೆ ನೋಡದೆ ಕಳಿಸುತ್ತಿರಲಿಲ್ಲ.

ನನ್ನ ಮೂರನೇ ಹೆರಿಗೆ ಕಷ್ಟದ್ದು. ರಕ್ತ ನಿಲ್ಲದೆ, ಇವಳು ಮನೆಗೆ ಮರಳುವುದಿಲ್ಲ ಎಂದೇ ಎಲ್ಲರೂ ಅಂದುಕೊಂಡಿದ್ದರಂತೆ. ಬಿಡುಗಡೆಯ ದಿನ ಸರ್ಕಾರಿ ಆಸ್ಪತ್ರೆಯ ಡಾಕ್ಟರು ಹೇಳಿದ್ದು ಒಂದೇ ಮಾತು: "ಇನ್ನೊಂದ್ಸಲ ಇದೇ ಕೆಲಸಕ್ಕೆ ಬಂದ್ರೆ ನಾನು ಗ್ಯಾರಂಟಿ ಕೊಡಲ್ಲಮ್ಮ." ಆಗ ಎಲ್ಲೆಲ್ಲೂ ಬಸುರು ತಡೆಯುವ ಲೂಪಿನ ಪ್ರಚಾರ. ಹಾಕಿಸಿಕೊಂಡೆ, ಮೈಗೆ ಒಗ್ಗಲಿಲ್ಲ, ತೆಗೆಸಿದೆ. ಆಪರೇಷನ್ ಮಾತೆತ್ತಿದರೆ ನನ್ನವರು "ಯುಗಾದಿ ಕಳೀಲಿ" ಅನ್ನುತ್ತಿದ್ದರು, ಯುಗಾದಿ ಕಳೆದ ಮೇಲೆ "ಗೌರಿ ಹಬ್ಬ ಕಳೀಲಿ" ಅನ್ನುತ್ತಿದ್ದರು. ನಮ್ಮಲ್ಲಿ ಹಬ್ಬಗಳಿಗೇನು ಬರವೇ? ಉಳಿದಿದ್ದು ಮಾತ್ರೆ.

ಅದು ಆಗಿನ್ನೂ ಹೊಸದು. ಸೋಫಾದ ಡಾಕ್ಟರು ನನ್ನ ಮುಖ ನೋಡದೆ ಬರೆದರು. "ಮೂರು ವಾರ ತಗೊಳ್ಳೋದು, ಒಂದು ವಾರ ಬಿಡೋದು. ರಾತ್ರಿ ಊಟ ಆದ್ಮೇಲೆ ಒಂದು. ನೆಕ್ಸ್ಟ್!" ಎಂದರು. ಆ ಕೊನೆಯ ಪದ ನನಗಲ್ಲ ಎಂದು ತಿಳಿಯಲು ಒಂದು ಕ್ಷಣ ಬೇಕಾಯಿತು.

ಮಾತ್ರೆ ಶುರುವಾದ ವಾರದಲ್ಲೇ ಹೊಟ್ಟೆ ತೊಳಸಲಿಕ್ಕೆ ಹತ್ತಿತು. ಚಿಕ್ಕಪೇಟೆಯ ಬಸ್ಸಿನಲ್ಲಿ ಗಂಟು ಹಿಡಿದು, ಸೆರಗು ಬಾಯಿಗೊತ್ತಿಕೊಂಡು ನಿಂತವಳನ್ನು ನೋಡಿ ಕಂಡಕ್ಟರು ಕೂಗಿದ: "ಯಾರಾದ್ರೂ ಎದ್ದೇಳ್ರೀ, ಬಸುರಿ ಹೆಂಗಸು ನಿಂತವ್ರೆ! ಕೂತ್ಕೊಳ್ಳಕ್ಕಾ." ಬಸುರಾಗಬಾರದೆಂದು ಮಾತ್ರೆ ನುಂಗಿ ಬಸುರಿಯ ಸೀಟು ಗಿಟ್ಟಿಸಿದವಳು ಬೆಂಗಳೂರಿನಲ್ಲಿ ನಾನೊಬ್ಬಳೇ ಇರಬೇಕು. ತಪ್ಪು ತಿದ್ದಲು ಹೋಗಲಿಲ್ಲ, ಕೂತೆ.

ವಾಂತಿಯನ್ನಾದರೂ ಸಹಿಸಬಹುದಿತ್ತು. ತಿಂಗಳ ನಡುನಡುವೆ ಕಲೆ ಕಾಣಿಸತೊಡಗಿತು. ನಮ್ಮತ್ತೆ ಹೊಸಕೆರೆಹಳ್ಳಿಯವರು, ಹಳೇ ಕಾಲದ ಮಡಿಯವರು. ಕಲೆ ಕಂಡರೆ ಮೂರು ದಿನ ಹೊರಗೆ. ಅಡುಗೆಮನೆ ಇಲ್ಲ, ದೇವರಮನೆ ಇಲ್ಲ, ನಡುಮನೆಯೂ ಇಲ್ಲ, ಜಗಲಿಯ ಮೇಲೆ ಚಾಪೆ. "ಇದೇನೇ, ಮೊನ್ನೆ ತಾನೆ ತಲೆಗೆ ನೀರು ಹಾಕ್ಕೊಂಡು ಒಳಗೆ ಬಂದೆ, ಮತ್ತೆ ಹೊರಗಾ? ಆ ಜಗಲಿಗೆ ಬಾಡಿಗೆ ಕೊಟ್ಬಿಡು ಅತ್ಲಾಗೆ!" ಎಂದರು ಅತ್ತೆ. ಹೊರಗಾದವಳು ಸೀರೆಯ ಗಂಟು ಮುಟ್ಟುವಂತಿಲ್ಲ. ಮುಟ್ಟಿದ್ದು ಗೊತ್ತಾದರೆ ಹಬ್ಬದ ಸೀರೆ ಯಾರು ಕೊಳ್ಳುತ್ತಾರೆ? ಗೌರಿ ಹಬ್ಬದ ವ್ಯಾಪಾರ ಕಣ್ಣೆದುರಿಗಿದೆ, ನಾನು ಜಗಲಿಯ ಮೇಲೆ ಕಾಲು ಚಾಚಿ ಕೂತು ಬೀದಿ ನೋಡುತ್ತಿದ್ದೇನೆ.

ಮಾತ್ರೆ ಬದಲಾಯಿಸಲೇಬೇಕು ಎಂದು ಔಷಧಿ ಅಂಗಡಿಗೆ ಹೋದೆ. ಅಂಗಡಿಯವನು ಬೇರೆ ಮಾತ್ರೆಯ ಹಾಳೆಯೊಂದನ್ನು ತೆಗೆದು ಮೇಜಿನ ಮೇಲೆ ಕುಟ್ಟಿದ. "ಇದು ತಗೊಳ್ಳಿ ಅಕ್ಕ, ಬೇರೆ ಕಂಪನೀದು. ಬಲೇ ಲೈಟು."

"ಲೈಟು ಅಂದ್ರೆ?"

"ಲೈಟು ಅಂದ್ರೆ ಲೈಟೇ ಅಕ್ಕ. ಎಲ್ರೂ ಇದನ್ನೇ ತಗೊಂಡೋಗ್ತಾರೆ."

ಎಲ್ಲರೂ ಇದನ್ನೇ ಕೊಳ್ಳುತ್ತಾರೆ ಎಂಬ ಮಾತನ್ನು ದಿನಾ ಹೇಳಿ ಹೊಟ್ಟೆ ಹೊರೆಯುವವಳು ನಾನು. ಅದರಲ್ಲಿ ಎಷ್ಟು ಸತ್ಯ ಇರುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮೇಲಾಗಿ ಅವನು ನಾಲ್ಕಾಣೆಯೂ ಇಳಿಸಲಿಲ್ಲ. ಹಾಗಾಗಿ ಕೊಳ್ಳಲಿಲ್ಲ. ನನ್ನ ಜಿಪುಣತನ ನನ್ನನ್ನು ಕಾಪಾಡಿದ ಸಂದರ್ಭಗಳಲ್ಲಿ ಇದೂ ಒಂದು.

ಅದರ ಮುಂದಿನ ತಿಂಗಳು ಎಲ್ಲ ಸರಿಹೋದಂತೆ ಕಂಡಿತು. ಕಲೆ ಇಲ್ಲ, ಜಗಲಿ ಇಲ್ಲ. ಮಾತ್ರೆ ಬಿಡುವ ವಾರ ಕಳೆಯಿತು, ಆಗಲೂ ಏನೂ ಆಗಲಿಲ್ಲ. ಹಬ್ಬ ಹತ್ತಿರ ಬಂದಿತ್ತು. ಒಂದು ದಿನವೂ ಹೊರಗೆ ಕೂರದೆ ವ್ಯಾಪಾರ ಮಾಡಿದೆ. ಖುಷಿಯಾಗಿಯೇ ಇದ್ದೆ. ಸೀರೆ ಕೊಳ್ಳುವ ಒಬ್ಬ ಮನೆಯಾಕೆಯ ಹತ್ತಿರ ವಾಂತಿಯ ವಿಷಯ ಮಾತ್ರ ಹೇಳಿಕೊಂಡಾಗ ಆಕೆ ಬನಶಂಕರಿ ಕಡೆಯ ಒಬ್ಬ ಡಾಕ್ಟರಮ್ಮನ ಗುರುತು ಹೇಳಿದರು. ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿ ದುಡಿದು ನಿವೃತ್ತರಾಗಿ, ಮನೆಯ ಮುಂದಿನ ಕೋಣೆಯಲ್ಲೇ ನೋಡುತ್ತಿದ್ದವರು. ಸೋಫಾ ಇಲ್ಲ, ಬೆಂಚು.

ಡಾಕ್ಟರಮ್ಮ ಕೈಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಿದರು, ತಲೆನೋವು ಉಂಟೋ, ಕಾಲುನೋವು ಉಂಟೋ ಎಂದು ಕೇಳಿದರು. ಸೋಫಾದವರು ಇದನ್ನೆಲ್ಲ ಕೇಳಿರಲಿಲ್ಲ. ವಾಂತಿಯ ಜೊತೆಗೆ ಹಿಂದಿನ ಕಲೆಯ ವಿಷಯವನ್ನೂ ಹೇಳಿದೆ. ಆಮೇಲೆ ನಾನು ತಂದಿದ್ದ ಮಾತ್ರೆಯ ಹಾಳೆ ಹಿಡಿದು ಕನ್ನಡಕ ಏರಿಸಿದರು.

"ಮೂರು ವಾರ ಆದ್ಮೇಲೆ ಇದು ಖಾಲಿ ಆಗಿರ್ಬೇಕಲ್ಲ. ಇಷ್ಟು ಯಾಕೆ ಉಳಿದಿದೆ?"

"ಉಳಿಸಿದೀನಿ ಡಾಕ್ಟ್ರಮ್ಮ," ಎಂದೆ ಹೆಮ್ಮೆಯಿಂದ. "ನಮ್ಮನೇಲಿ ಶನಿವಾರ ಒಪ್ಪತ್ತು. ಮಧ್ಯಾಹ್ನ ಒಂದೇ ಊಟ. ರಾತ್ರಿ ಬರೀ ಬಾಳೆಹಣ್ಣು, ಹಾಲು. ಊಟ ಆದ್ಮೇಲೆ ತಗೋ ಅಂದಿದ್ರು. ಊಟಾನೇ ಇಲ್ದಿದ್ಮೇಲೆ ಮಾತ್ರೆ ಎಲ್ಲಿಂದ ಬಂತು?"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಆಮೇಲೆ ಅವರ ನಗು ನಿಂತಿತು.

"ಈ ತಿಂಗಳು ಹೊರಗಾದ್ರಾ?"

"ಇಲ್ಲ. ಈ ಸಲ ಆ ತೊಂದರೇನೇ ಇಲ್ಲ."

"ಅಯ್ಯೋ ಪುಣ್ಯಾತ್ಗಿತ್ತಿ," ಎಂದರು. "ವಾರಕ್ಕೊಂದು ರಾತ್ರಿ ಬಾಗಿಲು ತೆರೆದಿಟ್ಟು ಮಲಗಿದೀಯಲ್ಲ. ನಡುವೆ ಕಲೆ ಕಾಣ್ತಿದ್ದಿದ್ದೂ ಅದಕ್ಕೇ ಇರಬೇಕು. ಮಾತ್ರೆ ಬದಲಾಯ್ಸೋದು ಆಮೇಲಿನ ಮಾತು. ಮೊದಲು ಒಳಗೇನಾಗಿದೆ ಅಂತ ಗೊತ್ತಾಗ್ಲಿ."

ಪರೀಕ್ಷೆ ಮಾಡಿ, ಈಗಲೇ ಹೇಳಲು ಬರುವುದಿಲ್ಲ ಎಂದರು. ಯಾವ ಮಾತ್ರೆಯನ್ನೂ ಮುಟ್ಟಬೇಡ, ವಾರ ಬಿಟ್ಟು ಬಾ, ಅಷ್ಟರಲ್ಲಿ ಹೊರಗಾದರೂ ಬಾ. ಎರಡನೇ ಸಲಕ್ಕೆ ಫೀಸು ಇಲ್ಲ. ಅಂಥ ಹೊತ್ತಿನಲ್ಲೂ ಬಾಯಿ ಸುಮ್ಮನಿರಬೇಕಲ್ಲ. ಈ ಸಲದ ಫೀಸಿನ ಬದಲು ಒಂದು ಸೀರೆಯ ಬೆಲೆಯಲ್ಲಿ ಕಡಿಮೆ ಮಾಡಿಕೊಡಲೇ ಎಂದೆ.

"ಬೇಡಮ್ಮ. ಸೀರೆ ತಗೊಂಡ್ರೆ ನಿನ್ನ ಬೈಯಕ್ಕಾಗಲ್ಲ. ದುಡ್ಡೇ ಕೊಡು."

ಆ ವಾರ ಗಂಟು ಬಿಚ್ಚಲಿಲ್ಲ. ಮೂರನೇ ಹೆರಿಗೆಯ ಡಾಕ್ಟರ 'ಗ್ಯಾರಂಟಿ' ಎಂಬ ಮಾತು ಒಲೆಯ ಮುಂದೆ ಕೂತರೂ ಕೇಳುತ್ತಿತ್ತು, ಮಕ್ಕಳಿಗೆ ತಲೆ ಬಾಚುವಾಗಲೂ ಕೇಳುತ್ತಿತ್ತು. ಚಿಕ್ಕದಕ್ಕೆ ಇನ್ನೂ ಜಡೆ ಹಾಕುವಷ್ಟು ಕೂದಲು ಬಂದಿರಲಿಲ್ಲ. ನನ್ನವರಿಗೆ ವಿಷಯ ಹೇಳಿದೆ. ಅವರು ತಟ್ಟೆ ಮುಂದೆ ಕೂತು, ಹಬ್ಬ ಕಳೀಲಿ ಎನ್ನಲು ಬಾಯಿ ತೆರೆದವರು ನನ್ನ ಮುಖ ನೋಡಿ ಮುಚ್ಚಿಕೊಂಡರು.

ಒಂದು ಬೆಳಗ್ಗೆ, ಹಿತ್ತಲಿನಿಂದ ಓಡಿಬಂದು ಬಾಗಿಲಲ್ಲೇ ನಿಂತು ಕೂಗಿದೆ: "ಅತ್ತೇ! ನಾನು ಹೊರಗೇ!"

"ಹೊರಗಾದೋಳು ಹಿಂಗ್ಯಾಕೇ ಹಲ್ಲು ಬಿಡ್ತಿದೀಯ? ಯಾರಾದ್ರೂ ಬಹುಮಾನ ಕೊಟ್ರಾ?"

ಚಾಪೆಯನ್ನು ನಾನೇ ಎಳೆದುಕೊಂಡು ಜಗಲಿಗೆ ಹೋದೆ. ಅಷ್ಟು ಸುಖವಾಗಿ ಆ ಜಗಲಿಯ ಮೇಲೆ ನಾನು ಯಾವತ್ತೂ ಕೂತಿರಲಿಲ್ಲ. ಸ್ವಲ್ಪ ಹೊತ್ತಿಗೆ ಅತ್ತೆ ಮೊರ ತಂದು, ಹೊಸ್ತಿಲಿನ ಒಳಗೆ, ಮುಟ್ಟದಷ್ಟು ದೂರದಲ್ಲಿ ಕೂತು ಅಕ್ಕಿ ಆರಿಸತೊಡಗಿದರು. ನನ್ನ ಮುಖ ನೋಡದೆ ಕೇಳಿದರು:

"ಶನಿವಾರ ನೀನು ಆ ಮಾತ್ರೆ ನುಂಗ್ತಿರ್ಲಿಲ್ವಂತೆ?"

ಅತ್ತೆಗೆ ಅದು ರಕ್ತ ಹೆಚ್ಚಿಸುವ ಮಾತ್ರೆ ಎಂದು ಹೇಳಿದ್ದೆ. ನನ್ನವರ ಬಾಯಲ್ಲಿ ಯಾವ ಗುಟ್ಟು ನಿಂತಿದೆ? "ಒಪ್ಪತ್ತಲ್ವಾ ಅತ್ತೆ..." ಎಂದು ತೊದಲಿದೆ.

"ಒಪ್ಪತ್ತಿನ ದಿನ ನಾನು ಕೀಲುನೋವಿನ ಮಾತ್ರೆ ನುಂಗಲ್ವೇನೇ? ಬಾಳೆಹಣ್ಣು ತಿಂತೀಯ, ಹಾಲು ಕುಡೀತೀಯ, ಅದರ ಜೊತೆ ಅದನ್ನೂ ನುಂಗು. ಒಂಬತ್ತು ಹೆತ್ತೋಳು ನಾನು. ಎಷ್ಟು ಉಳ್ಕೊಂಡ್ವು ಅಂತ ನಿಂಗೂ ಗೊತ್ತು. ದೇವರ ಹತ್ರ ನಾನು ಮಾತಾಡ್ಕೋತೀನಿ, ನೀನು ಡಾಕ್ಟ್ರ ಹತ್ರ ಹೋಗು." ಮೊರದಿಂದ ಒಂದು ಕಲ್ಲು ಹೆಕ್ಕಿ ಬೀದಿಗೆ ಎಸೆದು ಒಳಗೆ ಎದ್ದು ಹೋದರು. ಆ ವಿಷಯ ಮತ್ತೆ ನಮ್ಮಿಬ್ಬರ ನಡುವೆ ಬರಲಿಲ್ಲ. ಆದರೆ ಪ್ರತಿ ಶನಿವಾರ ರಾತ್ರಿ ನನ್ನ ಹಾಲಿನ ಲೋಟದ ಪಕ್ಕ ಮಾತ್ರೆಯ ಹಾಳೆ ತಾನಾಗಿ ಬಂದು ಕೂತಿರುತ್ತಿತ್ತು.

ಡಾಕ್ಟರಮ್ಮ ಕಡಿಮೆ ಬಲದ ಬೇರೆ ಮಾತ್ರೆ ಬರೆದರು. ಕಂಪನಿಯವರು ನೋಡಲೆಂದು ಕೊಟ್ಟುಹೋಗಿದ್ದ ಹಾಳೆಯೊಂದು ಮೇಜಿನ ಖಾನೆಯಲ್ಲಿತ್ತು, ಕೇಳಿದೆ, ಕೊಟ್ಟರು. ಮೊದಲ ತಿಂಗಳು ಹಾಗೆ ಪುಕ್ಕಟೆಯಾಯಿತು. ಹೊಟ್ಟೆ ತೊಳಸುವುದು ನಿಂತಿತು, ಕಲೆ ನಿಂತಿತು. ಬಸ್ಸಿನಲ್ಲಿ ಸೀಟು ಮಾತ್ರ ಹೋಯಿತು. ನಾಲ್ಕನೇ ಹೆರಿಗೆಗೆ ನಾನು ಆಸ್ಪತ್ರೆಯ ಮೆಟ್ಟಿಲು ಹತ್ತಲಿಲ್ಲ.

ಇಷ್ಟು ಹೇಳಿದ ಮೇಲೆ ನಾಲ್ಕು ಬುದ್ಧಿಮಾತು ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ಮಾತ್ರೆ ಒಗ್ಗದಿದ್ದರೆ ಸಹಿಸಿಕೊಂಡು ಕೂರಬೇಡಿ, ಅಂಗಡಿಯವನ ಮಾತಿಗೆ ಬದಲಾಯಿಸಲೂಬೇಡಿ. ಹಳೆಯ ಹಾಳೆ, ಉಳಿದ ಮಾತ್ರೆ ಎಲ್ಲವನ್ನೂ ಡಾಕ್ಟರ ಮುಂದೆ ಸುರಿಯಿರಿ. ರಕ್ತದೊತ್ತಡ ನೋಡದೆ ಚೀಟಿ ಬರೆಯುವವರಾದರೆ ಎದ್ದು ಬನ್ನಿ. ಒಂದು ರಾತ್ರಿ ತಪ್ಪಿದರೆ ಏನು ಮಾಡಬೇಕು, ಹಳೆಯದರಿಂದ ಹೊಸದಕ್ಕೆ ಹೋಗುವಾಗ ಎಷ್ಟು ದಿನ ಮಾತ್ರೆಯನ್ನೇ ನಂಬಿ ಕೂರಬಾರದು, ಇವೆರಡನ್ನು ಕೇಳಿಯೇ ಕುರ್ಚಿ ಬಿಡಿ. ಯಾರು 'ನೆಕ್ಸ್ಟ್' ಎಂದರೂ ಏಳಬೇಡಿ. ಎದೆನೋವು, ತಡೆಯಲಾರದ ತಲೆನೋವು, ಕಾಲು ಊದಿ ನೋವು ಬಂದರೆ ಮಾತ್ರ ಚೌಕಾಶಿ ಬಿಟ್ಟು ಹತ್ತಿರದ ಆಸ್ಪತ್ರೆಗೆ ಓಡಿ. ಕೈಯಲ್ಲಿ ಕಾರ್ಡಿಲ್ಲದಿದ್ದರೆ ನಾಚಿಕೆ ಬೇಡ: ಎರಡನೇ ಸಲಕ್ಕೂ ಫೀಸು ಇದೆಯೇ, ಖಾನೆಯಲ್ಲಿ ಪುಕ್ಕಟೆ ಹಾಳೆ ಇದೆಯೇ ಎಂದು ಬಾಯಿಬಿಟ್ಟು ಕೇಳಿ. ಹೆಚ್ಚೆಂದರೆ ಇಲ್ಲ ಅನ್ನುತ್ತಾರೆ.

ಕೊನೆಯದಾಗಿ, ನಿಮ್ಮ ಮನೆಯಲ್ಲಿ ಯಾವ ದಿನ ರಾತ್ರಿ ಒಲೆ ಹಚ್ಚುವುದಿಲ್ಲ ಎಂದು ಡಾಕ್ಟರಿಗೆ ನೀವಾಗಿಯೇ ಹೇಳಿ. ಅವರು ಕೇಳುವುದಿಲ್ಲ. ಅವರ ಮನೆಯಲ್ಲಿ ದಿನಾ ಹಚ್ಚುತ್ತಾರೆ.